ನಾಲ್ಕು ಸ್ವರ ಎತ್ತಿದರೆ ಕಳ್ಳತನವೇ?

ಪ್ರಶ್ನೆ: ನಾನು ಸೇಡಂನವನು. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಬಿಡುವಿದ್ದಾಗ ಗೆಳೆಯರ ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. 'ಬ್ರೇವ್‌ಹಾರ್ಟ್', 'ಟೈಟಾನಿಕ್' ಚಿತ್ರಗಳಿಗೆ ಸಂಗೀತ ಕೊಟ್ಟ ಜೇಮ್ಸ್ ಹಾರ್ನರ್ ನನ್ನ ಪಾಲಿಗೆ ದೇವರು. ಮೊನ್ನೆ ಗೆಳೆಯನೊಬ್ಬ ಒಂದು ವಿಡಿಯೋ ತೋರಿಸಿದ. ಅವರ ಎಷ್ಟೋ ಸಿನಿಮಾಗಳಲ್ಲಿ ಅದೇ ನಾಲ್ಕು ಸ್ವರ ಮತ್ತೆ ಮತ್ತೆ ಬರುತ್ತವೆ. ಅವೂ ರಷ್ಯಾದ ಒಂದು ಸಿಂಫನಿಯಿಂದ (ದೊಡ್ಡ ವಾದ್ಯಮೇಳದ ಕೃತಿ) ಎತ್ತಿದ್ದಂತೆ. 'ನಿನ್ನ ದೇವರು ಕಳ್ಳ' ಅಂದುಬಿಟ್ಟ. ನನಗೆ ಬಾಯಿ ಬರಲಿಲ್ಲ. ಹಾರ್ನರ್ ಕದ್ದದ್ದು ನಿಜವೇ? ನಾನು ಮಾಡುವ ಟ್ಯೂನ್ ನನ್ನದೇ ಅಂತ ನನಗೆ ಗೊತ್ತಾಗುವುದು ಹೇಗೆ?

ಉತ್ತರ: ನಿಮ್ಮ ಗೆಳೆಯ ತೋರಿಸಿದ್ದರಲ್ಲಿ ಸುಳ್ಳಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡು ಬಿಡೋಣ, ಆಮೇಲೆ ಮಾತಾಡೋಣ.

ಸರಸರನೆ ಮೂರು ಸಣ್ಣ ಸ್ವರ, ಅದರ ಬೆನ್ನಿಗೇ ಒತ್ತಿ ನಿಲ್ಲುವ ಒಂದು ಉದ್ದದ ಸ್ವರ. ಹೆಚ್ಚಾಗಿ ತುತ್ತೂರಿ ಜಾತಿಯ ವಾದ್ಯಗಳಲ್ಲಿ ಕೇಳುತ್ತದೆ. ಏನೋ ಕೇಡು ಹತ್ತಿರ ಬಂತು ಅನ್ನುವಾಗ ಬರುತ್ತದೆ. 1988ರ 'ವಿಲೋ', 2001ರ 'ಎನಿಮಿ ಅಟ್ ದ ಗೇಟ್ಸ್', 2004ರ 'ಟ್ರಾಯ್', 2009ರ 'ಅವತಾರ್' ನಾಲ್ಕರಲ್ಲೂ ಇದೆ. ಹಾರ್ನರ್ ಅಭಿಮಾನಿಗಳೇ ಇದನ್ನು 'ಅಪಾಯದ ಸ್ವರ' ಅಂತ ಕರೆಯುತ್ತಾರೆ. ಮೂಲ ಹುಡುಕುತ್ತ ಹೋದರೆ ರಷ್ಯಾದ ಸಂಗೀತಗಾರ ರಾಕ್‌ಮನಿನಾಫ್ 1895ರಲ್ಲಿ ಬರೆದು ಮುಗಿಸಿದ ಮೊದಲ ಸಿಂಫನಿಗೆ ಹೋಗಿ ಮುಟ್ಟುತ್ತೇವೆ. ಪಾಪ, 1897ರಲ್ಲಿ ಅದರ ಮೊದಲ ಪ್ರದರ್ಶನ ಹೀನಾಯವಾಗಿ ಸೋತಿತ್ತು. ಆ ಮನುಷ್ಯ ಬದುಕಿರುವಾಗ ಅದನ್ನು ಮತ್ತೆ ನುಡಿಸಲೇ ಇಲ್ಲ. ವಾದ್ಯಗಾರರ ಬಿಡಿ ಹಾಳೆಗಳಿಂದ ಅದನ್ನು ಮತ್ತೆ ಜೋಡಿಸಿ ನುಡಿಸಿದ್ದು 1945ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಎರಡು ವರ್ಷ ಆಗಿತ್ತು.

ಇನ್ನೂ ಇವೆ. 'ವಿಲೋ' ಚಿತ್ರದ ಮುಖ್ಯ ಟ್ಯೂನ್ ಕೇಳಿ, ಆಮೇಲೆ ಜರ್ಮನಿಯ ಸಂಗೀತಗಾರ ಶೂಮನ್‌ರ ಮೂರನೇ ಸಿಂಫನಿಯ ಶುರುವಿನ ಭಾಗ ಕೇಳಿ. ನಗು ಬರುತ್ತದೆ. 1986ರ 'ಏಲಿಯನ್ಸ್' ಆರಂಭವಾಗುವಾಗ ಕೇಳುವ ಆ ಒಂಟಿ ತಂತಿಯ ನಾದ ಖಚತುರಿಯನ್‌ರ 'ಗಯಾನೆ' ಬ್ಯಾಲೆಯ ಒಂದು ವಿಲಂಬಿತ ಭಾಗಕ್ಕೆ ತೀರಾ ಹತ್ತಿರ. ಅದೇ ಭಾಗವನ್ನು ನಿರ್ದೇಶಕ ಕುಬ್ರಿಕ್ 1968ರಲ್ಲಿ ತಮ್ಮ ಬಾಹ್ಯಾಕಾಶದ ಸಿನಿಮಾ '2001: ಎ ಸ್ಪೇಸ್ ಒಡಿಸಿ'ಯಲ್ಲಿ ಇದ್ದ ಹಾಗೇ ಹಾಕಿಕೊಂಡಿದ್ದರು. ಆದರೆ ಅವರು ಪರದೆಯ ಮೇಲೆ ಖಚತುರಿಯನ್ ಹೆಸರು ಹಾಕಿದ್ದರು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಇದಕ್ಕೆ ಆಮೇಲೆ ವಾಪಸ್ ಬರುತ್ತೇನೆ.

ಇಷ್ಟು ಸಾಕ್ಷಿ ಸಿಕ್ಕಮೇಲೆ ಕೇಸು ಮುಗೀತು ಅನ್ನಿಸುತ್ತದೆ ಅಲ್ವಾ? ಮನೆಯಲ್ಲಿ ಪೇಟಿ (ಹಾರ್ಮೋನಿಯಂ) ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಮೊಬೈಲಿನ ಕೀಬೋರ್ಡ್ ಆದರೂ ಸಾಕು. ಬಿಳಿ ಎರಡಕ್ಕೆ, ಅಂದರೆ D ಮನೆಗೆ, ಸಾ ಹಿಡಿಯಿರಿ. ಗ ರೆ ಗ ಸಾ ಅಂತ ನಿಧಾನವಾಗಿ ನುಡಿಸಿ, ಗಾಂಧಾರ ಕೋಮಲ (F). ನಾಲ್ಕೂ ಸ್ವರ ಬಿಳಿ ಮನೆಯಲ್ಲೇ ಬೀಳುತ್ತವೆ, ಹುಡುಕಾಡಬೇಕಿಲ್ಲ.

ಈಗ ನೀವು ನುಡಿಸಿದ್ದು ಯುರೋಪಿನ ಚರ್ಚುಗಳಲ್ಲಿ ಸತ್ತವರಿಗಾಗಿ ಹಾಡುತ್ತಿದ್ದ 'ದಿಯೆಸ್ ಇರೇ' ಎಂಬ ಹಾಡಿನ ಮೊದಲ ನಾಲ್ಕು ಸ್ವರ. ಏಳುನೂರು ವರ್ಷಕ್ಕಿಂತ ಹಳೆಯದು. ಬೆರ್ಲಿಯೋಜ್ ಅದನ್ನು 1830ರ ತಮ್ಮ ಸಿಂಫನಿಯಲ್ಲಿ ಬಳಸಿದರು. ಹಂಗೇರಿಯ ಲಿಸ್ಟ್ ಬಳಸಿದರು. 1980ರ 'ದ ಶೈನಿಂಗ್' ಸಿನಿಮಾ ಶುರುವಾಗುವುದೇ ಅದರಿಂದ. ರಾಕ್‌ಮನಿನಾಫ್‌ಗಂತೂ ಅದರ ಹುಚ್ಚೇ ಹಿಡಿದಿತ್ತು, ಒಂದಾದ ಮೇಲೊಂದು ಕೃತಿಯಲ್ಲಿ ಅದನ್ನು ತಂದರು. ಅಂದರೆ ಹಾರ್ನರ್ ಯಾರ ಮನೆಗೆ ಕನ್ನ ಹಾಕಿದರು ಅಂತ ನಾವು ಹೇಳುತ್ತಿದ್ದೇವೋ, ಆ ಯಜಮಾನರೇ ಜೀವನವಿಡೀ ಬೇರೆಯವರ ನಾಲ್ಕು ಸ್ವರ ಹೊತ್ತು ತಿರುಗಿದವರು!

ನಮ್ಮ ಕಡೆ ಕಾಫಿ ರಾಗದಲ್ಲಿ ಹಾಡುವ ಭಜನೆ ಪದಗಳಲ್ಲೂ ಇದೇ ಗ ರೆ ಗ ಸಾ ಓಡಾಡುತ್ತದೆ. ಯಾರಿಗೂ ಸಾವು ನೆನಪಾಗುವುದಿಲ್ಲ. ತಾಳ ಬಡಿಯುತ್ತ ತಲೆದೂಗುತ್ತಾರೆ. ನಾಲ್ಕು ಸ್ವರ ಅಂದರೆ ಮಾತಿನಲ್ಲಿ ಒಂದು ಪದ ಇದ್ದ ಹಾಗೆ. 'ಮಳೆ' ಅನ್ನುವ ಪದ ಬಳಸಿದ ಕವಿಯನ್ನು ಕಳ್ಳ ಅನ್ನುತ್ತೀರಾ?

ಕಂಪನಿ ನಾಟಕ ನೋಡಿದ್ದೀರಾ? ನಾನು ಹುಡುಗನಾಗಿದ್ದಾಗ ನಾಟಕದ ಟೆಂಟಿನಲ್ಲಿ ಪೇಟಿ ಮಾಸ್ತರರ ಹಿಂದೆ ಕೂತು ಎಷ್ಟೋ ರಾತ್ರಿ ಕಳೆದಿದ್ದೇನೆ. ಖಳನಾಯಕ ಬರುವಾಗ ಒಂದು ತುಣುಕು ಇರುತ್ತಿತ್ತು. ಪೇಟಿಯಲ್ಲಿ ಕೆಳಗಿನ ಸಪ್ತಕದ ಒಂದು ಗುರುಗುಟ್ಟುವಿಕೆ, ಮೇಲೆ ತಬಲಾದ ಒಂದು ಪೆಟ್ಟು. ನಾಟಕ ಯಾವುದೇ ಇರಲಿ, ಖಳ ಯಾರೇ ಇರಲಿ, ತುಣುಕು ಅದೇ. ಪರದೆ ಸರಿಯುವ ಮೊದಲೇ ಹಿಂದಿನ ಸಾಲಿನವರು 'ಬಂದ ನೋಡ್ರಿ' ಅನ್ನುತ್ತಿದ್ದರು. ಮಾಸ್ತರರು ಹಳೆಯದನ್ನೇ ನುಡಿಸಿದರು ಅಂತ ಯಾರೂ ಟಿಕೆಟ್ ದುಡ್ಡು ವಾಪಸ್ ಕೇಳಲಿಲ್ಲ. ತಬಲಾದವರ ತಿಹಾಯಿಯೂ (ಮೂರು ಸಲ ಬಾರಿಸಿ ಮುಗಿಸುವ ತುಣುಕು) ಹಾಗೇ. ಒಂದು ಒಳ್ಳೆ ತಿಹಾಯಿ ಕೈಗೆ ಕೂತರೆ ಹತ್ತು ಕಛೇರಿಯಲ್ಲಿ ಬರುತ್ತದೆ.

ಹಾರ್ನರ್‌ರ ಆ ನಾಲ್ಕು ಸ್ವರವನ್ನು ನಾನು ಈ ಸಾಲಿನಲ್ಲಿ ಇಡುತ್ತೇನೆ. ಅವರ ಮೇಲೆ ನನ್ನ ತಕರಾರು ಬೇರೆ. 'ಎನಿಮಿ ಅಟ್ ದ ಗೇಟ್ಸ್'ನಲ್ಲಿ ಅದು ಎಷ್ಟು ಸಲ ಬರುತ್ತದೆ ಅಂದರೆ, ಅರ್ಧ ಸಿನಿಮಾ ದಾಟುವಷ್ಟರಲ್ಲಿ ಭಯ ಹೋಗಿ ಗಡಿಯಾರದ ಗಂಟೆ ಕೇಳಿದ ಹಾಗಾಗುತ್ತದೆ. ಅದು ಸೋಮಾರಿತನ. ಕಳ್ಳತನಕ್ಕೂ ಸೋಮಾರಿತನಕ್ಕೂ ನಿಮ್ಮ ಗೆಳೆಯ ಒಂದೇ ಹೆಸರು ಇಟ್ಟಿದ್ದಾನೆ, ಅಷ್ಟೇ ಅವನ ತಪ್ಪು.

ಈಗ ಧಾಟಿಯ ವಿಷಯ. ನೀವು ಸೇಡಂನವರು, ಇದು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ನಮ್ಮ ಜಾತ್ರೆಗಳಲ್ಲಿ ತತ್ವಪದದ ಪುಸ್ತಕ, ಭಜನೆ ಪದದ ಪುಸ್ತಕ ಮಾರುತ್ತಾರಲ್ಲ, ಒಂದನ್ನು ತೆಗೆದು ನೋಡಿ. ಪದದ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ 'ಧಾಟಿ' ಅಂತ ಬರೆದು, ಪಕ್ಕದಲ್ಲಿ ಬೇರೆ ಒಂದು ಹಾಡಿನ ಮೊದಲ ಸಾಲು ಹಾಕಿರುತ್ತಾರೆ. ಅದು ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ ಇರಬಹುದು, ಹಿಂದಿ ಸಿನಿಮಾ ಹಾಡೂ ಇರಬಹುದು. ನಾಟಕದ ಪುಸ್ತಕಗಳಲ್ಲೂ ಇದೇ ಪದ್ಧತಿ. ಮರಾಠಿ ನಾಟಕದವರು ಇದನ್ನು 'ಚಾಲ್' ಅಂತ ಬರೆಯುತ್ತಿದ್ದರು. ನಮ್ಮವರು ಮರಾಠಿ ರಂಗಗೀತೆಯ ಧಾಟಿ ತಂದರು, ಅವರೂ ನಮ್ಮ ಕಡೆಯ ಕಾನಡಿ ಚಾಲುಗಳನ್ನು ಒಯ್ದರು. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದೇ ಬೆಳಗಾವಿ ಕಡೆಯ ಗುರ್ಲಹೊಸೂರಿನಲ್ಲಿ. ಮೊಹರಂ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ರಿವಾಯತ್ ಪದ ಕೇಳಿ. ಕರ್ಬಲಾದ ಕಥೆ ಆ ವರ್ಷ ಹಿಟ್ ಆದ ಸಿನಿಮಾ ಧಾಟಿಯಲ್ಲೇ ಓಡುತ್ತಿರುತ್ತದೆ, ಹಲಗೆ ಪೆಟ್ಟಿನ ಜೊತೆ.

ಯಾರೂ ಯಾರನ್ನೂ ಕಳ್ಳ ಅಂದಿಲ್ಲ. ಯಾಕೆ ಗೊತ್ತಾ? ಆ ಒಂದು ಸಾಲು ನೆತ್ತಿಯ ಮೇಲಿತ್ತು. ಪದ ಕಟ್ಟಿದವನು 'ಮಾತು ನನ್ನದು, ಧಾಟಿ ಅವರದು' ಅಂತ ಮೊದಲೇ ಹೇಳಿಬಿಟ್ಟಿದ್ದ. ಕುಬ್ರಿಕ್ ಖಚತುರಿಯನ್ ಹೆಸರು ಹಾಕಿದ್ದರು ಅಂದೆನಲ್ಲ, ಸಾಮಾನ್ಯವಾಗಿ ಸಿನಿಮಾದಲ್ಲಿ ಆ ಸಾಲಿಗೆ ಜಾಗ ಇರುವುದಿಲ್ಲ. 'ಸಂಗೀತ' ಅಂತ ಬಂದು ಒಂದೇ ಹೆಸರು ಬರುತ್ತದೆ, ದೊಡ್ಡ ಅಕ್ಷರದಲ್ಲಿ. ನೋಡುವವರು ಪೂರ್ತಿ ಆ ಹೆಸರಿನ ತಲೆಯಲ್ಲೇ ಹುಟ್ಟಿದ್ದು ಅಂದುಕೊಳ್ಳುತ್ತಾರೆ. ಆಮೇಲೆ ಒಂದು ದಿನ ಯಾರೋ ಎರಡು ತುಣುಕು ಅಕ್ಕಪಕ್ಕ ಇಟ್ಟು ತೋರಿಸಿದಾಗ ಮೋಸ ಹೋದೆವು ಅನ್ನಿಸುತ್ತದೆ. ಹಾರ್ನರ್ ಮೇಲಿನ ಸಿಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಟೈಟಲ್ ಕಾರ್ಡ್ ಹುಟ್ಟಿಸಿದ ಸಿಟ್ಟು ಅಂತ ನನ್ನ ಲೆಕ್ಕ.

ಹಾಗಂತ ಎಲ್ಲವನ್ನೂ ತೊಳೆದುಬಿಡಲು ನಾನು ತಯಾರಿಲ್ಲ. 1989ರಲ್ಲಿ ಮಕ್ಕಳನ್ನು ಇರುವೆಗಿಂತ ಚಿಕ್ಕದು ಮಾಡುವ ಒಂದು ಡಿಸ್ನಿ ಹಾಸ್ಯ ಸಿನಿಮಾ ಬಂತು. ಅದಕ್ಕೂ ಹಾರ್ನರ್ ಸಂಗೀತ. ಅದರಲ್ಲಿ ರೇಮಂಡ್ ಸ್ಕಾಟ್ 1937ರಲ್ಲಿ ಮಾಡಿದ 'ಪವರ್‌ಹೌಸ್' ಎಂಬ ಕೃತಿಯ ಟ್ಯೂನ್ ಢಾಳಾಗಿ ಕೇಳುತ್ತದೆ. ಹೆಸರು ಹಾಕಿರಲಿಲ್ಲ. ಸ್ಕಾಟ್ ಕಡೆಯವರು ಹಕ್ಕು ಕೇಳಿದರು, ಕೊನೆಗೆ ಕೋರ್ಟಿನ ಹೊರಗೇ ರಾಜಿಯಾಯಿತು. ಇಲ್ಲಿ ಇದ್ದದ್ದು ಗುರುತು ಹಿಡಿಯಬಹುದಾದ ಪೂರ್ತಿ ಒಂದು ಟ್ಯೂನ್. ಹಕ್ಕುದಾರರೂ ಇದ್ದರು. ಒಂದು ಫೋನ್ ಮಾಡಿ ಕೇಳಿದ್ದರೆ ಆಗುತ್ತಿತ್ತು. ಇದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ.

ಇನ್ನು ಹೊರಗಿನವರಿಗೆ ಕಾಣದ ಒಂದು ಕಾರಣ ಹೇಳುತ್ತೇನೆ. ಎಡಿಟಿಂಗ್ ಮಾಡುವ ನಿಮಗೆ ಇದು ಕೂಡಲೇ ಅರ್ಥವಾಗುತ್ತದೆ. ಸಂಗೀತ ಸಿದ್ಧವಾಗುವ ಮೊದಲು ಎಡಿಟರ್‌ಗಳು ಬೇರೆ ಯಾವುದೋ ಸಂಗೀತವನ್ನು ಕೆಳಗೆ ಇಟ್ಟುಕೊಂಡು ಕತ್ತರಿಸುತ್ತಾರೆ. ಅದಕ್ಕೆ ಟೆಂಪ್ ಟ್ರ್ಯಾಕ್ ಅನ್ನುತ್ತಾರೆ. ನಿರ್ದೇಶಕರು ಅದನ್ನು ಮೂರು ತಿಂಗಳು ಕೇಳಿ ಕೇಳಿ ಅದಕ್ಕೇ ಒಗ್ಗಿ ಹೋಗುತ್ತಾರೆ. ಆಮೇಲೆ ಸಂಗೀತ ನಿರ್ದೇಶಕರನ್ನು ಕರೆದು, 'ಇದೇ ಥರ ಬೇಕು, ಆದರೆ ಇದು ಬೇಡ' ಅನ್ನುತ್ತಾರೆ. ಇದೇ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಭೀಮಾ ದಂಡೆಯಲ್ಲಿ ತೆಗೆದ ಹದಿನೈದು ನಿಮಿಷದ ಒಂದು ಕಿರುಚಿತ್ರ. ಒಣಗಿದ ಹೊಳೆಯಲ್ಲಿ ಒಬ್ಬ ಮುದುಕ ನಡೆದು ಹೋಗುವ ದೃಶ್ಯಕ್ಕೆ ಹುಡುಗರು ಒಂದು ಹಾಲಿವುಡ್ ಸಿನಿಮಾದ ತುಣುಕು ಇಟ್ಟಿದ್ದರು. ನಾನು ಏಕತಾರಿ ಇಟ್ಟು ಏನೋ ಮಾಡಿಕೊಟ್ಟೆ. 'ಚಲೋ ಅದ ಸರ, ಆದ್ರ ಆ ಫೀಲ್ ಬರವಲ್ದು' ಅಂದರು. ಎರಡನೆಯದು ಕೊಟ್ಟೆ, ಮೂರನೆಯದು ಕೊಟ್ಟೆ. ಐದನೆಯದು ಹೊತ್ತಿಗೆ ನಾನು ಆ ತುಣುಕಿನ ಲಯ ಉಳಿಸಿಕೊಂಡು ಎರಡು ಸ್ವರ ಮಾತ್ರ ಅತ್ತಿತ್ತ ಮಾಡಿದ್ದೆ. ಎಲ್ಲರಿಗೂ ಖುಷಿ. ನನಗೆ ಮಾತ್ರ ಊಟ ರುಚಿಸಲಿಲ್ಲ.

ಟೆಂಪ್ ಎಷ್ಟು ಬಲವಾಗಿ ಹಿಡಿಯುತ್ತದೆ ಅನ್ನುವುದಕ್ಕೆ ಅಲೆಕ್ಸ್ ನಾರ್ತ್ ಸಾಕ್ಷಿ. ಮೇಲೆ ಹೇಳಿದ ಕುಬ್ರಿಕ್ ಸಿನಿಮಾಕ್ಕೆ ಅವರು ಸಂಗೀತ ಬರೆದು ರೆಕಾರ್ಡ್ ಕೂಡ ಮಾಡಿದ್ದರು. ಸಿನಿಮಾ ತೆರೆ ಕಂಡಾಗ ನೋಡಿದರೆ ಅವರದ್ದು ಒಂದೂ ಇಲ್ಲ. ಕುಬ್ರಿಕ್ ಟೆಂಪ್ ಅನ್ನೇ ಉಳಿಸಿಕೊಂಡಿದ್ದರು. 1977ರ 'ಸ್ಟಾರ್ ವಾರ್ಸ್' ಕೂಡ ಟೆಂಪ್‌ನ ಕೂಸೇ. ಹೋಲ್ಸ್ಟ್, ಸ್ಟ್ರಾವಿನ್ಸ್ಕಿ, ಹಳೆಯ ಹಾಲಿವುಡ್‌ನ ಕಾರ್ನ್‌ಗೋಲ್ಡ್ ಎಲ್ಲರ ನೆರಳೂ ಅದರಲ್ಲಿದೆ. ಆದರೂ ಅದರ ಒಂದು ಸಣ್ಣ ತುಣುಕು ಕೇಳಿಸಿದರೆ ಯಾರೇ ಆಗಲಿ ಅದಕ್ಕೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಹೆಸರನ್ನೇ ಹೇಳುತ್ತಾರೆ.

ಇದಕ್ಕೆ ಸಮಯದ ಒತ್ತಡ ಸೇರಿಸಿ. 'ಟ್ರಾಯ್' ಸಿನಿಮಾಕ್ಕೆ ಮೊದಲು ಸಂಗೀತ ಮಾಡಿದ್ದು ಗೇಬ್ರಿಯಲ್ ಯಾರೆಡ್. ವರ್ಷದ ಹತ್ತಿರ ಕೂತು ಮಾಡಿದ್ದರು. ಪರೀಕ್ಷೆಗೆ ತೋರಿಸಿದಾಗ ಜನ ಮೆಚ್ಚಲಿಲ್ಲ ಅಂತ ಸ್ಟುಡಿಯೋ ಅದನ್ನು ಕಿತ್ತು ಬಿಸಾಡಿತು. ಹಾರ್ನರ್‌ರನ್ನು ಕರೆದಾಗ ಬಿಡುಗಡೆ ಬಾಗಿಲಲ್ಲಿ ನಿಂತಿತ್ತು. ಸುಮಾರು ಎರಡು ವಾರದಲ್ಲಿ ಎರಡೂವರೆ ಗಂಟೆಗೂ ಉದ್ದದ ಯುದ್ಧದ ಸಿನಿಮಾಕ್ಕೆ ಸಂಗೀತ ಬರೆಯಬೇಕು. ಕೈಗೆ ಸಿಕ್ಕಿದ್ದು ಅದೇ ನಾಲ್ಕು ಸ್ವರ. ತಪ್ಪು ಅನ್ನಿ, ಆದರೆ ಮಧ್ಯರಾತ್ರಿ ಬೀಗರು ಬಂದಾಗ ಮನೆಯಲ್ಲಿದ್ದ ಹಿಟ್ಟಿನಲ್ಲೇ ರೊಟ್ಟಿ ಬಡಿಯುತ್ತಾರೆ.

ಈಗ 'ಟೈಟಾನಿಕ್'ಗೆ ಬನ್ನಿ. ನೀವು ಕೇಳಿದ್ದು ಅಲ್ಲಿಂದ ತಾನೇ? ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಮೊದಲ ಎಡಿಟ್ ಅನ್ನು ಐರ್ಲೆಂಡಿನ ಗಾಯಕಿ ಎನ್ಯಾ ಅವರ ಹಾಡುಗಳನ್ನು ಇಟ್ಟುಕೊಂಡು ಮಾಡಿದ್ದರು. ಹಾರ್ನರ್ ಮಾಡಿದ ಸಂಗೀತದಲ್ಲಿ ಸಿಂಥಸೈಸರ್‌ನ ಆ ಮಂಜಿನಂಥ ಕೋರಸ್ ಕೇಳಿದರೆ ಎನ್ಯಾ ಎಲ್ಲಿಂದ ಬಂದರು ಅಂತ ತಿಳಿಯುತ್ತದೆ. ಎರವಲು ಹೌದು. ಆದರೆ ಅದರ ಮೇಲೆ ಅವರು ಕಟ್ಟಿದ್ದನ್ನು ನೋಡಿ. ಪ್ರೇಮದ ಟ್ಯೂನ್ ಮೊದಲು ಮಾತಿಲ್ಲದೆ ಬರುತ್ತದೆ. ನಾರ್ವೆಯ ಸಿಸೆಲ್ ಎಂಬ ಗಾಯಕಿ ಬರೀ ಆಕಾರದಲ್ಲಿ ಗುನುಗುತ್ತಾರೆ. ಮತ್ತೆ ಪೈಪ್‌ನಲ್ಲಿ ಬರುತ್ತದೆ, ಪಿಯಾನೋದಲ್ಲಿ ಬರುತ್ತದೆ. ಮೂರು ಗಂಟೆ ಕಳೆದು, ಹಡಗು ಮುಳುಗಿ, ಹೆಸರುಗಳು ಏಳುವಾಗ ಮಾತ್ರ ಸೆಲೀನ್ ಡಿಯಾನ್ ದನಿಯಲ್ಲಿ ಮಾತು ಸೇರುತ್ತದೆ. ಆ ಹೊತ್ತಿಗೆ ಹಾಡು ನಮಗೆ ಹೊಸದಲ್ಲ. ನಮ್ಮದೇ ನೆನಪು ಮಾತಾಡಿದ ಹಾಗಿರುತ್ತದೆ. ತತ್ವಪದ ಹಾಡುವವರು ಪಲ್ಲವಿಯನ್ನು ಮೊದಲು ಏಕತಾರಿಯ ಮೇಲೆ ಸುಮ್ನೆ ಎಳೆದು, ಆಮೇಲೆ ಮಾತು ಹಿಡಿಯುತ್ತಾರಲ್ಲ, ಅದೇ ಜಾಣತನ. ಹಾರ್ನರ್‌ಗೆ ಎರಡು ಆಸ್ಕರ್ ಬಂದವು, ಎರಡೂ ಇದೇ ಸಿನಿಮಾಕ್ಕೆ. ಅವರ ಸ್ವಂತಿಕೆ ಎಲ್ಲಿದೆ ಅಂತ ನಿಮ್ಮ ಗೆಳೆಯ ಕೇಳಿದರೆ ಈ ತಡೆದಿಡುವಿಕೆಯನ್ನು ತೋರಿಸಿ. ಸ್ವರ ಎಲ್ಲಿಂದ ತಂದರು ಅನ್ನುವುದಕ್ಕಿಂತ ಎಷ್ಟು ಹೊತ್ತು ಕಾಯಿಸಿ ಕೊಟ್ಟರು ಅನ್ನುವುದರಲ್ಲಿ ಅವರು ಸಿಗುತ್ತಾರೆ.

'ಬ್ರೇವ್‌ಹಾರ್ಟ್' ಬಗ್ಗೆ ಒಂದು ತಮಾಷೆ. ಕಥೆ ಸ್ಕಾಟ್ಲೆಂಡಿನದು. ಅದರಲ್ಲಿ ಮನಸ್ಸು ಹಿಂಡುವ ಪೈಪ್ ಐರ್ಲೆಂಡಿನದು! ಸ್ಕಾಟ್ಲೆಂಡಿನ ಪೈಪ್ ಬಯಲಲ್ಲಿ ಊದುವ ಗಟ್ಟಿ ದನಿಯದು, ಐರ್ಲೆಂಡಿನದು ಕೋಣೆಯೊಳಗಿನ ಮೆತ್ತನೆ ದನಿ. ಹಾರ್ನರ್ ಭೂಪಟ ಬಿಟ್ಟು ಕಿವಿಯ ಮಾತು ಕೇಳಿದರು.

ತನ್ನದನ್ನೇ ತಾನು ಮತ್ತೆ ಬಳಸಿದರೆ? ಇದು ಇನ್ನೂ ಮಜವಾದ ಪ್ರಶ್ನೆ. 1972ರ 'ಗಾಡ್‌ಫಾದರ್' ಸಂಗೀತಕ್ಕೆ ಇಟಲಿಯ ನಿನೋ ರೋಟಾ ಹೆಸರು ಆಸ್ಕರ್ ಪಟ್ಟಿಯಲ್ಲಿ ಬಂತು. ಅಷ್ಟರಲ್ಲಿ ಒಂದು ಸಂಗತಿ ಹೊರಬಿತ್ತು. ಅದರ ಪ್ರೇಮದ ಟ್ಯೂನನ್ನು ಅವರು 1958ರ 'ಫೊರ್ತುನೆಲ್ಲಾ' ಎಂಬ ಇಟಲಿ ಸಿನಿಮಾದಲ್ಲಿ ಆಗಲೇ ಬಳಸಿದ್ದರು. ಅಲ್ಲಿ ಅದು ಚುರುಕಾಗಿ, ಹಾಸ್ಯದ ಮೆರವಣಿಗೆ ಥರ ಓಡುತ್ತದೆ. ಇಲ್ಲಿ ಅದೇ ನಿಧಾನವಾಗಿ ಎದೆ ಭಾರ ಮಾಡುತ್ತದೆ. ಹೊಸದಲ್ಲ ಅಂತ ಪಟ್ಟಿಯಿಂದ ಹೆಸರು ತೆಗೆದರು. ಎರಡು ವರ್ಷದ ಮೇಲೆ ಎರಡನೇ ಭಾಗ ಬಂತು. ಅದರಲ್ಲೂ ಅದೇ ಟ್ಯೂನ್ ಇತ್ತು. ಈ ಸಲ ಪ್ರಶಸ್ತಿಯನ್ನೇ ಕೊಟ್ಟರು! ನಿಯಮ ಮಾಡುವವರಿಗೇ ಸ್ವಂತಿಕೆ ಅಂದರೆ ಏನು ಅಂತ ಅಷ್ಟು ಖಾತ್ರಿ ಇಲ್ಲ ನೋಡಿ. ನಮ್ಮ ಕಿವಿಗೆ ಹತ್ತಿರದ್ದು ಬೇಕೆಂದರೆ ಇಳಯರಾಜ ಇದ್ದಾರೆ. 1981ರ 'ಗೀತಾ' ಚಿತ್ರಕ್ಕೆ ಮಾಡಿದ 'ಜೊತೆಯಲಿ ಜೊತೆಜೊತೆಯಲಿ' ಧಾಟಿ ಆಮೇಲೆ ತಮಿಳಿಗೂ ಹೋಯಿತು, ಹಿಂದಿಗೂ ಹೋಯಿತು. ತಮ್ಮ ಹೊಲದ ಬೀಜ ತಾವೇ ಮತ್ತೆ ಬಿತ್ತಿಕೊಂಡರು, ಅದರಲ್ಲಿ ಬೇರೆಯವರಿಗೆ ನಷ್ಟವೇನು? 1961ರಲ್ಲಿ ಸಲಿಲ್ ಚೌಧರಿ ಮೊಜಾರ್ಟ್‌ರ ನಲವತ್ತನೇ ಸಿಂಫನಿಯ ಶುರುವನ್ನು ಹಿಡಿದು 'ಛಾಯಾ' ಚಿತ್ರದ ಹಾಡು ಕಟ್ಟಿದರು. ಅದು ಎಷ್ಟು ಎದ್ದು ಕಾಣುತ್ತದೆ ಅಂದರೆ ಅಡಗಿಸುವ ಉದ್ದೇಶವೇ ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಕಾನೂನಿನ ಮಾತು ಚುಟುಕಾಗಿ ಮುಗಿಸುತ್ತೇನೆ, ನಾನು ವಕೀಲನಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಗೀತ ಕೃತಿಯ ಹಕ್ಕು ಅದನ್ನು ಮಾಡಿದವರ ಜೀವಮಾನ, ಮೇಲೆ 60 ವರ್ಷ ಇರುತ್ತದೆ. 'ಎಂಟು ಸೆಕೆಂಡ್ ಒಳಗೆ ಇದ್ದರೆ ನಡೀತದೆ', 'ಏಳು ಸ್ವರ ದಾಟಬಾರದು' ಅಂತ ಸ್ಟುಡಿಯೋಗಳಲ್ಲಿ ಹೇಳುತ್ತಾರಲ್ಲ, ಅಂಥ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ರಾಗ ಯಾರ ಆಸ್ತಿಯೂ ಅಲ್ಲ, ತಾಳವೂ ಅಲ್ಲ. ಆದರೆ ರಾಗದೊಳಗೆ ಕಟ್ಟಿದ ಬಂದಿಶ್ ಒಬ್ಬರದ್ದಾಗಬಹುದು. ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲೇ ಜಗಳ. 'ಪೊನ್ನಿಯಿನ್ ಸೆಲ್ವನ್ 2' ಸಿನಿಮಾದ 'ವೀರ ರಾಜ ವೀರ' ಹಾಡಿನ ವಿಷಯದಲ್ಲಿ, ಅದು ಧ್ರುಪದ್ ಗಾಯಕರಾದ ಡಾಗರ್ ಸೋದರರ 'ಶಿವ ಸ್ತುತಿ'ಯಿಂದ ಬಂದದ್ದು ಅಂತ ಎ.ಆರ್. ರೆಹಮಾನ್ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆಯಾಯಿತು. 2025ರ ಏಪ್ರಿಲ್‌ನಲ್ಲಿ ಒಬ್ಬ ನ್ಯಾಯಮೂರ್ತಿ ಡಾಗರ್ ಕಡೆಗೆ ಆದೇಶ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. 2022ರಲ್ಲಿ ನಮ್ಮ 'ವರಾಹ ರೂಪಂ' ಹಾಡಿಗೂ ಕೇರಳದ ತಂಡವೊಂದರ 'ನವರಸಂ'ಗೂ ಹೋಲಿಕೆ ಇದೆ ಅಂತ ಜಗಳ ಕೋರ್ಟಿಗೆ ಹೋದದ್ದು ನಿಮಗೆ ನೆನಪಿರಬಹುದು. ಇಂಥ ಜಗಳದಲ್ಲಿ ರಾಗ ಒಂದೇ ಆದ್ದರಿಂದ ಹಾಗೆ ಕೇಳಿಸುತ್ತದೆ ಅನ್ನುವ ಮಾತು ಬಂದೇ ಬರುತ್ತದೆ. ಕೆಲವು ಸಲ ಆ ಮಾತು ನಿಜ, ಕೆಲವು ಸಲ ಅದು ಮರೆಗೆ ಹಿಡಿದ ಕೊಡೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮಂಥ ಹುಡುಗರು ಇಲ್ಲೇ ಎಡವುತ್ತಾರೆ. ಮಡಿವಾಳಪ್ಪನವರ ಪದ ಹಳೆಯದು, ಧಾಟಿ ಎಲ್ಲರದ್ದು. ಆದರೆ ಅದನ್ನು ಹಾಡಿ ರೆಕಾರ್ಡ್ ಮಾಡಿದ ಇಂದಿನ ಗಾಯಕರ ದನಿ ಎಲ್ಲರದ್ದಲ್ಲ. ರೆಕಾರ್ಡಿಂಗ್‌ಗೆ 60 ವರ್ಷದ ಹಕ್ಕು ಬೇರೆ ಇದೆ, ಹಾಡಿದವರಿಗೆ 50 ವರ್ಷದ ಹಕ್ಕು ಬೇರೆ ಇದೆ. ಯೂಟ್ಯೂಬಿನಿಂದ ಒಬ್ಬ ಅಜ್ಜಿಯ ದನಿ ಇಳಿಸಿಕೊಂಡು ಕೆಳಗೆ ಬೀಟ್ ಹಾಕುವುದಿದೆಯಲ್ಲ, ಅದು ಹಾರ್ನರ್ ಮಾಡಿದ್ದಕ್ಕಿಂತ ಕೆಟ್ಟದ್ದು. ರಾಕ್‌ಮನಿನಾಫ್‌ಗೆ ಹೆಸರಿತ್ತು, ಆ ಅಜ್ಜಿಗೆ ಅದೂ ಇಲ್ಲ. ಹೋಗಿ ಕೇಳಿ, ದುಡ್ಡು ಕೊಡಿ, ಹೆಸರು ಹಾಕಿ.

ಕೊನೆಗೆ ನಿಮ್ಮ ನಿಜವಾದ ಪ್ರಶ್ನೆ. ನನ್ನ ಟ್ಯೂನ್ ನನ್ನದೇ ಅಂತ ಗೊತ್ತಾಗುವುದು ಹೇಗೆ?

ಪೂರ್ತಿ ಗೊತ್ತಾಗುವುದಿಲ್ಲ. ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ 1970ರಲ್ಲಿ ಮಾಡಿದ 'ಮೈ ಸ್ವೀಟ್ ಲಾರ್ಡ್' ಮೇಲೆ ಅಮೆರಿಕದಲ್ಲಿ ದಾವೆ ನಡೆಯಿತು. 1976ರಲ್ಲಿ ನ್ಯಾಯಾಧೀಶರು ಕೊಟ್ಟ ತೀರ್ಪು ವಿಚಿತ್ರವಾಗಿತ್ತು. ಹ್ಯಾರಿಸನ್ ಬೇಕಂತ ಕದ್ದಿಲ್ಲ, ಹಳೆಯ ಹಾಡೊಂದು ಅರಿವಿಲ್ಲದೆ ಅವರ ಒಳಗೆ ಕೂತಿತ್ತು, ಆದರೂ ಹೊಣೆ ಅವರದ್ದೇ ಅಂತ.

ಇದು ನನಗೂ ಆಗಿದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಕಲಬುರಗಿಯ ಒಂದು ಹವ್ಯಾಸಿ ತಂಡದ ನಾಟಕಕ್ಕೆ ಸಂಗೀತ ಮಾಡಿದೆ. ಅದರಲ್ಲಿ ತಾಯಿ ಮಗನನ್ನು ಬೀಳ್ಕೊಡುವ ಒಂದು ಟ್ಯೂನ್ ಇತ್ತು. ಒಂದೇ ಬೆಳಗ್ಗೆ ಬಂದಿತ್ತು. ಇಂಥದ್ದನ್ನು ಜೀವನದಲ್ಲಿ ಒಂದು ಸಲ ಮಾಡುತ್ತೇವೆ ಅಂತ ಉಬ್ಬಿದ್ದೆ. ತಾಲೀಮು ನೋಡಲು ಜೇವರ್ಗಿ ಕಡೆಯ ಒಬ್ಬ ಭಜನೆ ಮುದುಕರು ಬಂದಿದ್ದರು. ಮುಗಿದ ಮೇಲೆ ಹತ್ತಿರ ಬಂದು ಕೈ ಹಿಡಿದುಕೊಂಡರು. 'ಭಾಳ ಛಲೋ ಆಗ್ಯಾದ ಸರ. ನಮ್ಮ ಮಠದಾಗ ಅಮಾಸಿಗಿ ಹಾಡ್ತೀವಲ್ಲ, ಅದೇ ಧಾಟಿ ಹಿಡದೀರಿ. ಎಲ್ಲಿ ಕಲತ್ರಿ?'

ಅವರು ಹೊಗಳಿದ್ದು! ನಾನು ಮಾತ್ರ ತಣ್ಣಗಾದೆ. ಸಣ್ಣವನಿದ್ದಾಗ ಅಮಾವಾಸ್ಯೆ ಭಜನೆಗೆ ಅಜ್ಜಿ ಕರೆದುಕೊಂಡು ಹೋಗುತ್ತಿದ್ದಳು. ಅವಳ ತೊಡೆಯ ಮೇಲೆ ಮಲಗಿ ನಿದ್ದೆ ಹೋಗುತ್ತಿದ್ದೆ. ನಿದ್ದೆಗಣ್ಣಲ್ಲಿ ಕಿವಿಗೆ ಬಿದ್ದದ್ದು ಮೂವತ್ತು ವರ್ಷ ಒಳಗೇ ಇದ್ದು, ನನ್ನದೇ ಅನ್ನುವ ವೇಷದಲ್ಲಿ ಎದ್ದು ಬಂದಿತ್ತು. ಎರಡು ದಿನ ಪೇಟಿ ಮುಟ್ಟಲಿಲ್ಲ. ಆಮೇಲೆ ಮೊದಲ ಸಾಲನ್ನು ಹಾಗೇ ಬಿಟ್ಟೆ. ಎರಡನೇ ಸಾಲನ್ನು ಮುರಿದು, ಭಜನೆಯಲ್ಲಿ ಎಲ್ಲರೂ ಮೇಲೆ ಹೋಗುವ ಜಾಗದಲ್ಲಿ ನಾನು ಕೆಳಗೆ ಇಳಿಸಿದೆ. ತಾಯಿ ಅಳು ನುಂಗುವ ಜಾಗ ಅದು. ಕರಪತ್ರದಲ್ಲಿ 'ಧಾಟಿ: ಅಮಾವಾಸ್ಯೆ ಭಜನೆಯ ಪದ' ಅಂತ ಒಂದು ಸಾಲು ಸೇರಿಸಿದೆವು. ತಂಡದವರಿಗೆ ಅದು ಅತಿ ಅನ್ನಿಸಿತು. ಮುದುಕರು ಮಾತ್ರ ಕರಪತ್ರ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಊರಿಗೆ ಒಯ್ದರು.

ಅಂದಿನಿಂದ ನನಗೆ ಒಂದು ರೂಢಿ ಇದೆ. ಹೊಸ ಟ್ಯೂನ್ ಬಂದರೆ ವಾದ್ಯ ಎಲ್ಲ ತೆಗೆದು, ಬರೀ ಬಾಯಲ್ಲಿ, ನನಗಿಂತ ಹಿರಿಯ ಒಬ್ಬರ ಮುಂದೆ ಗುನುಗುತ್ತೇನೆ. ಸಿಂಥಸೈಸರ್ ಹೊದಿಕೆ ಹಾಕಿದರೆ ಎಲ್ಲವೂ ಹೊಸದೇ ಅನ್ನಿಸುತ್ತದೆ, ಬತ್ತಲೆ ಮಾಡಿದಾಗ ಹೆತ್ತವರು ಯಾರು ಅಂತ ತಿಳಿಯುತ್ತದೆ. ಆಮೇಲೆ ತಾಳ ಬದಲಿಸಿ ನೋಡುತ್ತೇನೆ. ಕೇರವಾದಲ್ಲಿ ಇದ್ದದ್ದನ್ನು ದಾದ್ರಾಗೆ ಹಾಕಿದಾಗ ತಟ್ಟನೆ ಬೇರೆ ಒಂದು ಹಾಡು ಬಾಯಿಗೆ ಬಂದರೆ, ಅದೇ ಮೂಲ. ತೀರಾ ಸಲೀಸಾಗಿ ಬಂದ ಟ್ಯೂನ್ ಮೇಲೆ ಜಾಸ್ತಿ ಅನುಮಾನ ಇಡಿ. ಸಿಂಫನಿ ಕೇಳುವುದನ್ನು ಮಾತ್ರ ನಿಲ್ಲಿಸಬೇಡಿ. ಕಡಿಮೆ ಕೇಳಿದವರೇ ಜಾಸ್ತಿ ಎತ್ತುತ್ತಾರೆ, ಅವರಿಗೆ ತಾವು ಎತ್ತಿದ್ದು ಅಂತಲೂ ಗೊತ್ತಿರುವುದಿಲ್ಲ.

ನಿಮ್ಮ ಗೆಳೆಯರ ಮುಂದಿನ ಕಿರುಚಿತ್ರಕ್ಕೆ ಎಡಿಟ್ ಮಾಡುವಾಗ ಟೆಂಪ್ ಇಡಲೇಬೇಡಿ. ನೀವೇ ಎಡಿಟರ್, ನಿಮ್ಮ ಕೈಲಿದೆ. ತಾಳ ಬೇಕೆಂದರೆ ಹಲಗೆಯವರನ್ನು ಕೂಡಿಸಿ ಬರೀ ಲಯ ರೆಕಾರ್ಡ್ ಮಾಡಿಕೊಂಡು ಅದರ ಮೇಲೆ ಕತ್ತರಿಸಿ. ಆಮೇಲೆ ನಿಮ್ಮ ಸಂಗೀತ ಹಾಕಿ ನನಗೊಂದು ಪ್ರತಿ ಕಳಿಸಿ. ಆ ವಾರ ಏನು ಕೇಳುತ್ತಿದ್ದಿರಿ ಅಂತ ಮಾತ್ರ ಹೇಳಬೇಡಿ. ನಾನು ಊಹೆ ಮಾಡುತ್ತೇನೆ. ಸರಿಯಾಗಿ ಊಹಿಸಿಬಿಟ್ಟರೆ ನೀವು ಎರಡನೇ ಸಾಲಿಗೆ ಮತ್ತೆ ಕೂರಬೇಕಾಗುತ್ತದೆ.